ಎರಡು ಜಡೆಯ ಗೋಲ್‌ಕೀಪರ್

ಹುಡುಗಿಯರಿಗೆ ಫುಟ್‌ಬಾಲ್ ಕಲಿಸಲು ಹೊರಟವರ ಚೀಲದಲ್ಲಿ ಊದುವ ಸೀಟಿಗಿಂತ ಮೊದಲು ಒಂದು ಬಾಚಣಿಗೆ ಇರಬೇಕು. ನಗಬೇಡಿ. ಕಳೆದ ತಿಂಗಳು ಹೊಸದಾಗಿ ಪಿ.ಟಿ. ಟೀಚರಾಗಿ ಸೇರಿದ ಇಬ್ಬರು ಹುಡುಗಿಯರು ಸಾನಪಾಡಾದ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದಾದ ಮೇಲೆ ಒಬ್ಬಳು ಮೊಬೈಲು ತೆಗೆದು ಎದುರಿಗಿಟ್ಟು, ನಿಮ್ಮ ಅನುಭವ ಹೇಳಿ, ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂದಳು. ಯಂತ್ರದ ಮುಂದೆ ನನಗೆ ಮಾತು ಹೊರಡುವುದಿಲ್ಲ ಮಾರಾಯ್ತಿ, ಬರೆದು ಕೊಡುತ್ತೇನೆ ಅಂದೆ. ಬರೆಯಲು ಕೂತರೆ ಮೂವತ್ತನಾಲ್ಕು ವರ್ಷದ ನೌಕರಿಯೆಲ್ಲ ಹಿಂದೆ ಸರಿದು ಒಂದೇ ಹುಡುಗಿ ಎದುರು ಬಂದು ನಿಲ್ಲುತ್ತಾಳೆ. ಆದರೂ ಮೊದಲಿನಿಂದ ಶುರುಮಾಡುತ್ತೇನೆ.

ನಾವು ಉಡುಪಿ ಕಡೆಯವರು. ಅಣ್ಣ ಸದಾನಂದ ಠಾಣೆಯಲ್ಲಿ, ಸ್ಟೇಷನ್ನಿಗೆ ಅಂಟಿಕೊಂಡಂತಿರುವ ಕೋಪರಿಯಲ್ಲಿ, ಸಣ್ಣ ವೆಜ್ ಹೋಟೆಲ್ ನಡೆಸುತ್ತಿದ್ದ. ನಾನು ಬಿ.ಪಿ.ಎಡ್. ಮುಗಿಸಿ ಅವನ ಬೆನ್ನಿಗೇ ಬಂದು ಕಲ್ಯಾಣದ ಒಂದು ಶಾಲೆಗೆ ಸೇರಿದೆ. ಇಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ. ಮೊದಲ ವಾರ ಯಾರೋ ಬೇರೆಯವರನ್ನು ಕರೆಯುತ್ತಿದ್ದಾರೆ ಅಂತ ತಿರುಗಿ ನೋಡುತ್ತಿದ್ದೆ. ಈಗ ರಸ್ತೆಯಲ್ಲಿ ಯಾರಾದರೂ ಹಾಗೆ ಕರೆದರೆ ಸಾಕು, ಜೀವ ಹಗುರಾಗುತ್ತದೆ.

ಹುಡುಗಿಯರ ಫುಟ್‌ಬಾಲ್ ಟೀಮು ಕಟ್ಟುತ್ತೇನೆ ಅಂದಾಗ ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಲಂಗ ಹಾಕಿಕೊಂಡು ಆಡುತ್ತಾರಾ ಅಂತ ಕೇಳಿದರು. ಚಡ್ಡಿ ಸರ್ ಅಂದೆ. ಕನ್ನಡಕ ಮತ್ತೊಮ್ಮೆ ಒರೆಸಿದರು. ಒಪ್ಪಿಗೆ ಬರಲು ಒಂದು ಮಳೆಗಾಲ ಕಳೆಯಿತು. ಮೈದಾನಗಳಲ್ಲಿ ಬಟ್ಟೆ ಬದಲಿಸಲು ಜಾಗ ಇರುತ್ತಿರಲಿಲ್ಲ. ಇಬ್ಬರು ಬೆಡ್‌ಶೀಟ್ ಹಿಡಿಯುವುದು, ಒಬ್ಬಳು ಬದಲಿಸುವುದು. ಆ ಬೆಡ್‌ಶೀಟನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ನನ್ನ ಮೊದಲ ದೊಡ್ಡ ತಪ್ಪು ಹೊಟ್ಟೆಯದು. ವಾಶಿಯಲ್ಲಿ ಮ್ಯಾಚು, ಠಾಣೆಯಲ್ಲಿ ಗಾಡಿ ಬದಲಿಸಬೇಕು. ಹೋಟೆಲು ಅಲ್ಲೇ ಉಂಟಲ್ಲ, ಮಕ್ಕಳು ತಿಂದು ಹೋಗಲಿ ಅಂತ ಅಣ್ಣ ಹಟ ಹಿಡಿದ. ಬನ್ಸು, ಇಡ್ಲಿ, ಮೇಲೆ ಶೀರಾ. ಮೊದಲ ಅರ್ಧದಲ್ಲಿ ಏಳು ಗೋಲು ತಿಂದೆವು. ಸೆಂಟರ್‌ಫಾರ್ವರ್ಡ್ ಹುಡುಗಿ ಹೊಟ್ಟೆ ಹಿಡಿದುಕೊಂಡು ಗೋಲ್‌ಪೋಸ್ಟಿಗೆ ಒರಗಿ ನಿಂತಿದ್ದಳು. ಅವತ್ತಿನಿಂದ ಕೋಪರಿಯ ತಿಂಡಿ ಮ್ಯಾಚು ಮುಗಿಸಿ ಬರುವಾಗ ಮಾತ್ರ ಅಂತ ಕಾನೂನು ಮಾಡಿದೆ. ಅಣ್ಣ ಎರಡು ವಾರ ಮುಖ ಊದಿಸಿಕೊಂಡಿದ್ದ.

ಈ ತಪ್ಪನ್ನು ನಗುತ್ತ ಹೇಳಬಹುದು. ಇನ್ನೊಂದನ್ನು ಹಾಗೆ ಹೇಳಲು ಆಗುವುದಿಲ್ಲ.

ಇದು ನನ್ನ ನೌಕರಿಯ ಕೊನೆಯ ವರ್ಷಗಳ ಮಾತು. ಆಗಲೂ ಆಟಗಾರ್ತಿಯರ ನೋಂದಣಿ ಕಾಗದದ ಕಾರ್ಡಿನಲ್ಲೇ ನಡೆಯುತ್ತಿತ್ತು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಗೋಂದು ಹಚ್ಚಿ ಅಂಟಿಸಿದ ಫೋಟೋ, ಅದರ ಮೂಲೆಗೆ ನಾವು ಆಡುತ್ತಿದ್ದ ಲೀಗಿನ ಮೊಹರು. ಮ್ಯಾಚಿಗೆ ಮೊದಲು ರೆಫ್ರಿ ಸಾಲಾಗಿ ನಿಲ್ಲಿಸಿ ಕಾರ್ಡು ನೋಡುತ್ತಾನೆ, ಮುಖ ನೋಡುತ್ತಾನೆ, ಮುಂದಕ್ಕೆ ಹೋಗುತ್ತಾನೆ. ಫೋಟೋದಲ್ಲಿ ಎಲ್ಲರೂ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿದ ಶಾಲೆಯ ಮಕ್ಕಳು. ಒಬ್ಬಳಿಗೂ ಇನ್ನೊಬ್ಬಳಿಗೂ ಏನು ವ್ಯತ್ಯಾಸ. ಆಟಗಾರ್ತಿ ಕಡಿಮೆ ಬಿದ್ದರೆ ಬೇರೆಯವಳ ಕಾರ್ಡಿನಲ್ಲಿ ಇಳಿಸುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿತ್ತು. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ವ್ಯವಹಾರ.

ನನ್ನ ಗೋಲ್‌ಕೀಪರ್ ಡೊಂಬಿವಿಲಿಯ ಪೂಜಾ. ಮಂಡಿ ನೋವು, ಮೇಲೆ ಸೈನ್ಸ್ ಕ್ಲಾಸು. ಸೀಸನ್ನಿನ ನಡುವೆ ಕೈಕೊಟ್ಟಳು. ಕಾರ್ಡು ನನ್ನ ಚೀಲದಲ್ಲೇ ಉಳಿಯಿತು. ಅದೇ ಸಮಯಕ್ಕೆ ಶಹಾಡಿನಿಂದ ಒಬ್ಬಳು ಪ್ರಾಕ್ಟೀಸಿಗೆ ಬರುತ್ತಿದ್ದಳು, ಹದಿನಾರು ವರ್ಷದ ಶರಣಮ್ಮ. ಕಲಬುರ್ಗಿ ಕಡೆಯ ಕುಟುಂಬ, ಅಪ್ಪ ಮಲ್ಲಪ್ಪನಿಗೆ ಶಹಾಡಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಉದ್ದ ಕೈ, ಹೆದರಿಕೆ ಅನ್ನುವುದೇ ಗೊತ್ತಿಲ್ಲ. ಚೆಂಡಿನ ಮೇಲೆ ಬೀಳುವುದನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಅಪ್ಪ ಫಾರ್ಮಿಗೆ ಸಹಿ ಹಾಕಲು ಒಪ್ಪಿರಲಿಲ್ಲ. ಬೆಳೆದ ಹುಡುಗಿ ಚಡ್ಡಿ ಹಾಕಿ ಬಯಲಲ್ಲಿ ಬೀಳೋದು ಬ್ಯಾಡ ಅಂದನಂತೆ. ತಾಯಿ, ಭಾನುವಾರ ಶಾಲೆಯಲ್ಲಿ ಎಕ್ಸ್‌ಟ್ರಾ ಕ್ಲಾಸು ಅಂತ ಸುಳ್ಳು ಹೇಳಿ ಕಳಿಸುತ್ತಿದ್ದಳು.

ಸಹಿ ಇಲ್ಲದೆ ಕಾರ್ಡಿಲ್ಲ. ಭಾನುವಾರ ನೆರೂಳಿನಲ್ಲಿ ಮ್ಯಾಚು, ಗೋಲಿನಲ್ಲಿ ನಿಲ್ಲಲು ಜನ ಇಲ್ಲ. ಇವತ್ತೊಂದು ದಿನ ಅಂದುಕೊಂಡೆ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಅವಳನ್ನು ನನ್ನ ಮುಂದೆ ನೆಲಕ್ಕೆ ಕೂರಿಸಿಕೊಂಡು, ಒಂದು ಜಡೆ ಬಿಚ್ಚಿ, ನಡುವೆ ಬೈತಲೆ ತೆಗೆದು, ಪೂಜಾಳ ಫೋಟೋದಲ್ಲಿದ್ದ ಹಾಗೆ ಎರಡು ಜಡೆ ಹಾಕಿದೆ. ರೆಫ್ರಿ ಕಾರ್ಡು ನೋಡಿದ, ಮುಖ ನೋಡಿದ, ಮುಂದಕ್ಕೆ ಹೋದ.

ಆ ಒಂದು ದಿನ ಎರಡು ಸೀಸನ್ ಆಯಿತು.

ಕಾರ್ಡು ಒಂದು ಹೆಸರು ಹೇಳಿ, ಹುಡುಗಿಯರು ಮೈದಾನದಲ್ಲಿ ಇನ್ನೊಂದು ಕೂಗಿದರೆ ಕೆಲಸ ಕೆಡುತ್ತದಲ್ಲ, ಅದಕ್ಕೆ ಬೇರೆ ಪ್ರಾಕ್ಟೀಸು. ಅವಳನ್ನು ಗೋಲಿನಲ್ಲಿ ನಿಲ್ಲಿಸುವುದು, ಉಳಿದವರು ಮೂಲೆಮೂಲೆಯಿಂದ ಪೂಜಾ, ಪೂಜಾ ಅಂತ ಕೂಗುವುದು, ಅವಳು ತಿರುಗುವುದು. ದಿನಕ್ಕೆ ಅರ್ಧ ಗಂಟೆ. ಶಿಕ್ಷಕಿ ಅನ್ನಿಸಿಕೊಂಡವಳು ಮಕ್ಕಳಿಗೆ ಸುಳ್ಳನ್ನು ಡ್ರಿಲ್ ಮಾಡಿಸಿದೆ ನೋಡಿ. ಆಗ ನನಗೆ ನಾಚಿಕೆ ಆಗಲಿಲ್ಲ, ಎಷ್ಟು ಅಚ್ಚುಕಟ್ಟಾಗಿ ಆಗುತ್ತಿದೆ ಅಂತ ಹೆಮ್ಮೆ ಇತ್ತು. ಶರಣಮ್ಮನಿಗೂ ಆ ಹೆಸರು ಹಿಡಿಸಿಬಿಟ್ಟಿತ್ತು. ಶರಣಮ್ಮ ಅಂದರೆ ಅಜ್ಜಿ ಹೆಸರು ಬಾಯಿ, ಪೂಜಾ ಅಂದರೆ ಕ್ರೀಡಾಪಟು ಅನ್ನಿಸುತ್ತದೆ ಅಂತ ಹಿಂದಿಯಲ್ಲಿ ಹೇಳಿ ನಗುತ್ತಿದ್ದಳು.

ನಿಜ ಹೇಳುತ್ತೇನೆ, ನನ್ನ ನೌಕರಿಯ ಅತ್ಯಂತ ಸುಖದ ಗಂಟೆಗಳು ಆ ಕಳ್ಳ ಭಾನುವಾರಗಳ ರೈಲಿನಲ್ಲಿ ಕಳೆದವು. ಬೆಳಗಿನ ಡಬ್ಬಿಯಲ್ಲಿ ಯಾರೋ ಬಟಾಣಿ ಸುಲಿಯುತ್ತಿರುತ್ತಾರೆ, ಯಾರೋ ಸೀಟಿಗೆ ಒರಗಿ ನಿದ್ದೆ ಹೋಗಿರುತ್ತಾರೆ. ನನ್ನ ಮಂಡಿಗಳ ನಡುವೆ ಆ ಹುಡುಗಿಯ ತಲೆ. ಡೊಂಬಿವಿಲಿ ದಾಟುವಷ್ಟರಲ್ಲಿ ಒಂದು ಜಡೆ, ಠಾಣೆಗೆ ಇಳಿಯುವ ಮೊದಲು ಇನ್ನೊಂದು. ಅವಳ ತಾಯಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬ್ಯಾಗಿನಿಂದ ಬರುತ್ತಿತ್ತು. ನನಗೆ ಮಕ್ಕಳಿಲ್ಲ. ಅದನ್ನು ಯಾವತ್ತೂ ದೊಡ್ಡ ದುಃಖ ಮಾಡಿಕೊಂಡವಳಲ್ಲ, ಆದರೆ ಆ ಕೂದಲಿನ ಭಾರ ಈಗಲೂ ನನ್ನ ಬೆರಳುಗಳಲ್ಲಿ ಉಂಟು.

ಎರಡನೆಯ ವರ್ಷ ನಾವು ಫೈನಲ್ ಗೆದ್ದೆವು. ಪೆನಾಲ್ಟಿಯಲ್ಲಿ ಅವಳು ಎರಡು ತಡೆದಳು. ಮರುದಿನ ಮರಾಠಿ ಪತ್ರಿಕೆಯಲ್ಲಿ ಪೂಜಾಳ ಹೆಸರು ಬಂತು. ಪಾಪ, ನಿಜವಾದ ಪೂಜಾ ಆ ಹೊತ್ತಿಗೆ ಕ್ಲಾಸಿನಲ್ಲಿ ಕೂತು ಕೆಮಿಸ್ಟ್ರಿ ಕಲಿಯುತ್ತಿದ್ದಳು. ಅವಳ ಸೋದರತ್ತೆ, ಸೋದರಮಾವಂದಿರೆಲ್ಲ ಫೋನು ಮಾಡಿ ಅಭಿನಂದಿಸಿದರಂತೆ. ಏನು ಹೇಳಲಿ ಬಾಯಿ ಅಂತ ನನ್ನನ್ನೇ ಕೇಳಿದಳು. ಥ್ಯಾಂಕ್ಯೂ ಹೇಳು ಅಂದೆ.

ಯಾರೋ ಆ ಪೆನಾಲ್ಟಿಗಳನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಅದು ಎಲ್ಲೆಲ್ಲಿಗೋ ಹೋಗಿ ಭೂತಾನಿನ ಒಂದು ಕ್ಲಬ್ಬಿನ ಕೋಚಿಗೆ ಸಿಕ್ಕಿತು. ಆ ಬೆಟ್ಟದ ದೇಶ ಚಿಕ್ಕದು, ಆದರೆ ಅಲ್ಲಿ ಹೆಂಗಸರಿಗಾಗಿಯೇ ರಾಷ್ಟ್ರೀಯ ಲೀಗ್ ಉಂಟು. ಹೊರಗಿನ ಕೆಲವರನ್ನೂ ಆಡಿಸುತ್ತಾರೆ. ಅವರಿಗೆ ಗೋಲ್‌ಕೀಪರ್ ಬೇಕಿತ್ತು. ಆ ಹುಡುಗಿಗೆ ಹದಿನೆಂಟು ತುಂಬಿದ್ದರೆ ಎರಡು ವರ್ಷದ ಆಟದ ದಾಖಲೆ ಕಳಿಸಿ, ಕರೆಸಿಕೊಳ್ಳುತ್ತೇವೆ ಅಂತ ನಮ್ಮ ಲೀಗಿಗೆ ಪತ್ರ ಬಂತು. ಪತ್ರದಲ್ಲಿದ್ದದ್ದು ಪೂಜಾಳ ಹೆಸರು.

ಲೀಗಿನ ಸೆಕ್ರೆಟರಿ ಸಾಹೇಬರು ಪೇಢೆ ತರಿಸಿ ನನ್ನ ಕೈಗೆ ಕೊಟ್ಟರು. ತಿಂದೆ. ಅದೇ ವರ್ಷ ಕಾಗದದ ಕಾರ್ಡು ಹೋಗಿ ನೋಂದಣಿಯೆಲ್ಲ ಕಂಪ್ಯೂಟರಿಗೆ ಬಂದಿತ್ತು. ಆಧಾರ್, ಹೊಸ ಫೋಟೋ, ಎಲ್ಲವೂ ತಾಳೆಯಾಗಬೇಕು. ಜಡೆ ಹಾಕಿ ಅದನ್ನು ಮೋಸ ಮಾಡುವುದು ಆಗದ ಮಾತು. ಶರಣಮ್ಮನಿಗೆ ಹದಿನೆಂಟು ತುಂಬಿತ್ತು, ಆದರೆ ಅವಳ ಹೆಸರಿನಲ್ಲಿ ಒಂದೇ ಒಂದು ಮ್ಯಾಚಿನ ದಾಖಲೆ ಇಲ್ಲ. ದಾಖಲೆ ಇದ್ದ ಪೂಜಾಳಿಗೆ ಚೆಂಡು ಹಿಡಿದು ಎರಡು ವರ್ಷ ಆಗಿತ್ತು.

ಒಂಬತ್ತು ದಿನ ಸುಮ್ಮನಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಹೇಳಿದರೆ ನನ್ನ ಮಾನ ಹೋಗುತ್ತದೆ, ಎರಡು ವರ್ಷದ ಗೆಲುವು ರದ್ದಾಗುತ್ತದೆ, ಉಳಿದ ಹುಡುಗಿಯರ ಸರ್ಟಿಫಿಕೇಟೂ ಹೋಗುತ್ತದೆ. ಹೇಳದಿದ್ದರೆ ಶರಣಮ್ಮ ಶಹಾಡಿನಲ್ಲೇ ಉಳಿಯುತ್ತಾಳೆ. ದಿನಾ ಪ್ರಾಕ್ಟೀಸಿಗೆ ಬಂದು, ಪತ್ರ ಮುಂದಕ್ಕೆ ಹೋಯಿತಾ ಬಾಯಿ ಅಂತ ಕೇಳುತ್ತಿದ್ದಳು. ನೋಡೋಣ ಅನ್ನುತ್ತಿದ್ದೆ. ಒಂಬತ್ತನೆಯ ದಿನ ಅವಳು ಕೇಳಲಿಲ್ಲ, ಬೂಟಿನ ಲೇಸು ಕಟ್ಟುತ್ತ ತಲೆ ತಗ್ಗಿಸಿಯೇ ಇದ್ದಳು. ನನಗೆ ತಡೆಯಲಾಗಲಿಲ್ಲ, ಕೋಪರಿಗೆ ಹೋಗಿ ಅಣ್ಣನ ಗಲ್ಲಾದ ಪಕ್ಕ ಕೂತು ಎಲ್ಲ ಹೇಳಿದೆ. ತುಳುವಿನಲ್ಲಿ ಚೆನ್ನಾಗಿ ಬೈದ. ಆಮೇಲೆ ತಣ್ಣಗೆ, "ಹಳಸಿದ ಸಾಂಬಾರಿಗೆ ಎಷ್ಟು ಒಗ್ಗರಣೆ ಕೊಟ್ಟರೂ ಹಳಸಿದ್ದೇ. ಚೆಲ್ಲು, ಪಾತ್ರೆ ತೊಳೆ" ಅಂದ.

ಸೆಕ್ರೆಟರಿ ಸಾಹೇಬರ ಮುಂದೆ ಕೂತು ಹೇಳಿದಾಗ ಅವರು ಎದ್ದು ಹೋಗಿ ಬಾಗಿಲು ಹಾಕಿದರು. ಕೆಟ್ಟ ಮನುಷ್ಯರಲ್ಲ. "ಜಾಊ ದ್ಯಾ, ಬಾಯಿ" ಅಂದರು, ಬಿಟ್ಟುಬಿಡಿ ಅಂತ. ಇಂಥದ್ದು ಎಲ್ಲರೂ ಮಾಡಿದ್ದಾರೆ, ಆ ಪತ್ರಕ್ಕೆ ಹುಡುಗಿ ಆಟ ಬಿಟ್ಟಿದ್ದಾಳೆ ಅಂತ ಉತ್ತರ ಬರೆದರೆ ಮುಗಿಯಿತು, ನೀವು ಗೌರವವಾಗಿ ರಿಟೈರಾಗಿ ಅಂದರು. ಅವರು ಹೇಳಿದ್ದು ನನ್ನ ಒಳ್ಳೆಯದಕ್ಕೇ. ಹುಡುಗಿ ಆಟ ಬಿಟ್ಟಿಲ್ಲ ಸಾಹೇಬ್ರೇ, ಈಗ ಶಹಾಡಿನಲ್ಲಿ ಗೋಡೆಗೆ ಚೆಂಡು ಹೊಡೆಯುತ್ತಿದ್ದಾಳೆ ಅಂದೆ. ಆ ಎರಡು ಸೀಸನ್ ಗೋಲಿನಲ್ಲಿ ನಿಂತವಳು ಶರಣಮ್ಮ, ಆಗ ಅವಳಿಗೆ ಹದಿನೆಂಟು ತುಂಬಿರಲಿಲ್ಲ, ನಾನು ಹೇಳಿದಂತೆ ಮಾಡಿದಳು, ಜಡೆ ಹಾಕಿದ್ದೂ ನಾನೇ ಅಂತ ಬರೆದು ಸಹಿ ಹಾಕಿದೆ. ಆ ಮ್ಯಾಚುಗಳನ್ನು ತಾನು ಆಡಿಲ್ಲ ಅಂತ ಪೂಜಾ ಕೂಡ ಬರೆದು ಕೊಟ್ಟಳು. ಅತ್ತೆ ಮಾವಂದಿರಿಗೆ ಏನು ಹೇಳಿದಳೋ ಗೊತ್ತಿಲ್ಲ.

ಉಳಿದ ಹುಡುಗಿಯರನ್ನು ಕೋಪರಿಗೆ ಕರೆದು, ತಿಂಡಿಗೆ ಮೊದಲೇ ವಿಷಯ ತಿಳಿಸಿದೆ. ತಿಂಡಿ ತಿಂದ ಮೇಲೆ ಹೇಳುವುದು ಇನ್ನೊಂದು ಮೋಸ ಅನ್ನಿಸಿತ್ತು. ಬಹಳ ಜನ ಸರ್ಟಿಫಿಕೇಟ್ ತಂದು ಕೊಟ್ಟರು. ಇಬ್ಬರು ಎದ್ದು ಹೋದರು, ಇವತ್ತಿಗೂ ನನ್ನ ಜೊತೆ ಮಾತಿಲ್ಲ. ಅವರು ಬೆವರು ಸುರಿಸಿ ಗೆದ್ದದ್ದನ್ನು ನಾನು ಕಳೆದೆ. ಕ್ಷಮಿಸಿ ಅನ್ನುವ ಹಕ್ಕೂ ನನಗಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಶಹಾಡಿನ ಮನೆ. ಪಾಸ್‌ಪೋರ್ಟಿನ ಕಾಗದಗಳಿಗಾದರೂ ಮಲ್ಲಪ್ಪನಿಗೆ ತಿಳಿಯಲೇಬೇಕಿತ್ತು. ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ಚಾಪೆಯ ಮೇಲೆ ಕೂತಿದ್ದ. ತಾಯಿ ಬಾಗಿಲ ಹತ್ತಿರ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು, ಶರಣಮ್ಮ ಅವಳ ಹಿಂದೆ. ಎಲ್ಲ ಹೇಳಿದೆ. ಬೈಯುತ್ತಾನೆ, ಹೊರಗೆ ಹಾಕುತ್ತಾನೆ ಅಂತ ತಯಾರಾಗಿ ಹೋಗಿದ್ದೆ. ಅವನು ಆ ಹಳೆಯ ಕಾರ್ಡು ಕೇಳಿದ. ಕೊಟ್ಟೆ. ಮರಾಠಿ ಅಕ್ಷರಗಳನ್ನು ಬೆರಳಿಟ್ಟು ಓದುತ್ತ ಹೋಗಿ ತಂದೆಯ ಹೆಸರಿನ ಸಾಲಿನಲ್ಲಿ ನಿಲ್ಲಿಸಿದ. ಅಲ್ಲಿದ್ದದ್ದು ಪೂಜಾಳ ಅಪ್ಪನ ಹೆಸರು.

"ಎರಡು ವರ್ಸ ನನ್ನ ಮಗಳು ಯಾರ ಮಗಳಾಗಿ ಆಡ್ಯಾಳ್ರೀ, ಅಕ್ಕೋರ?" ಅಂದ.

ನನ್ನ ನೌಕರಿಯಲ್ಲಿ ಎಷ್ಟೋ ಸಾಹೇಬರು ಎಷ್ಟೋ ಪ್ರಶ್ನೆ ಕೇಳಿದ್ದಾರೆ. ಇದನ್ನು ಯಾರೂ ಕೇಳಿರಲಿಲ್ಲ. ಜಡೆ, ಫೋಟೋ, ಹೆಸರು ಎಲ್ಲ ಯೋಚಿಸಿದ್ದ ನನಗೆ ಆ ಒಂದು ಸಾಲು ಕಣ್ಣಿಗೇ ಬಿದ್ದಿರಲಿಲ್ಲ. ಮಲ್ಲಪ್ಪ ಕಾರ್ಡನ್ನು ಚಾಪೆಯ ಮೇಲೆ ಮಗುಚಿಟ್ಟ. ನಾ ಸಹಿ ಹಾಕಿದ್ದರ ಹಿಂಗ ಆಗ್ತಿದ್ದಿಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಆಮೇಲೆ ಪೆನ್ನು ಕೇಳಿದ.

ಲೀಗಿನ ಕಮಿಟಿಯವರು ಎರಡೂ ವರ್ಷದ ಗೆಲುವು ರದ್ದು ಮಾಡಿದರು. ಶರಣಮ್ಮನಿಗೆ ಎಚ್ಚರಿಕೆ ಕೊಟ್ಟು, ಆಡಿದ ಮ್ಯಾಚುಗಳನ್ನು ಅವಳ ಹೆಸರಿಗೇ ಬರೆದರು. ನನಗೆ ಮೂರು ವರ್ಷ ಟೀಮಿನ ಬೆಂಚಿನಲ್ಲಿ ಕೂರಬಾರದು ಅಂತ ಆಯಿತು. ಒಂದೂವರೆ ವರ್ಷದ ನೌಕರಿಗೆ ಮೂರು ವರ್ಷದ ಶಿಕ್ಷೆ ಅಂದರೆ ಜನ್ಮಕ್ಕಾಯಿತು. ಮಾಡಿದ್ದುಣ್ಣೋ ಮಹಾರಾಯ, ದೂರುವುದಿಲ್ಲ. ಶಾಲೆಯಲ್ಲಿ ಉಳಿದ ದಿನಗಳೆಲ್ಲ ಸ್ನೇಹಸಮ್ಮೇಳನಕ್ಕೆ, ಅಂದರೆ ನಮ್ಮ ಸ್ಕೂಲ್ ಡೇಗೆ, ಲೇಝೀಮ್ ಕುಣಿತ ಕಲಿಸಿದೆ. ಬೀಳ್ಕೊಡುಗೆಯ ಭಾಷಣದಲ್ಲಿ ಎಲ್ಲರೂ ನನ್ನ ಲೇಝೀಮನ್ನು ಹೊಗಳಿದರು. ಫುಟ್‌ಬಾಲ್ ಅನ್ನುವ ಶಬ್ದ ಯಾರೂ ಎತ್ತಲಿಲ್ಲ.

ಆ ದಾಖಲೆ ನೋಡಿ ಭೂತಾನಿನ ಕ್ಲಬ್ಬು ಶರಣಮ್ಮನನ್ನು ಕರೆಸಿಕೊಂಡಿತು. ಅವಳು ಹೊರಡುವ ಮೊದಲಿನ ಒಂದು ಪ್ರಾಕ್ಟೀಸ್ ಮ್ಯಾಚು ನೆನಪಿದೆ. ನಾನು ಬೇಲಿಯ ಹೊರಗೆ ನಿಂತಿದ್ದೆ. ಡಿಫೆಂಡರ್ ಹುಡುಗಿ ಹಿಂದಿನಿಂದ ಬಂದ ಎದುರಾಳಿಯನ್ನು ನೋಡಿ ಶರಣಮ್ಮಾ ಅಂತ ಎರಡು ಸಲ ಕೂಗಿದಳು. ಇವಳು ತಿರುಗಲೇ ಇಲ್ಲ. ಚೆಂಡು ಪಕ್ಕದಿಂದ ಗೋಲಿಗೆ ಉರುಳಿತು. ತನ್ನ ಹೆಸರೇ ಅವಳಿಗೆ ಮರೆತಿತ್ತು. ಆ ಮರೆವನ್ನು ದಿನಕ್ಕೆ ಅರ್ಧ ಗಂಟೆಯ ಹಾಗೆ ಕಲಿಸಿದವಳು ನಾನು.

ಮ್ಯಾಚು ಮುಗಿದ ಮೇಲೆ ಅವಳನ್ನು ಗೋಲಿನಲ್ಲೇ ನಿಲ್ಲಿಸಿ ಅಂದೆ. ಹುಡುಗಿಯರು ಮೂಲೆಮೂಲೆಗೆ ಹೋದರು. ನಾನು ಬೇಲಿಯಾಚೆಯಿಂದಲೇ ಶುರುಮಾಡಿದೆ. ಶರಣಮ್ಮ. ಬಲಕ್ಕೆ ತಿರುಗಿದಳು. ಶರಣಮ್ಮ. ಎಡಕ್ಕೆ. ಅರ್ಧ ಗಂಟೆ ಕೂಗಿದೆವು. ಅವಳು ಬೇಲಿಯ ಹತ್ತಿರ ಬಂದು ತಂತಿಯ ಸಂದಿನಿಂದ ನನ್ನ ಬೆರಳು ಹಿಡಿದುಕೊಂಡಳು. ಅವತ್ತು ಮೊದಲ ಸಲ ನನಗೆ ಕನ್ನಡದಲ್ಲಿ ಉತ್ತರ ಕೊಟ್ಟಳು. "ಬಾಯಿ, ಈಗ ಕೇಳಸ್ತದ" ಅಂದಳು.

ಹೋಗಿ ಎರಡನೆಯ ವರ್ಷ ನಡೆಯುತ್ತಿದೆ. ಮೊದಲ ವರ್ಷ ಪೂರಾ ಬೆಂಚಿನಲ್ಲೇ ಕೂತಳು. ಫೋನಿನಲ್ಲಿ ಅಳುತ್ತಿದ್ದಳು. ಎತ್ತರದ ಜಾಗ, ಉಸಿರು ಸಾಲುವುದಿಲ್ಲ, ಚೆಂಡು ನಮ್ಮಲ್ಲಿಗಿಂತ ಜೋರಾಗಿ ಬರುತ್ತದೆ, ಎಲ್ಲದರಲ್ಲೂ ಮೆಣಸಿನಕಾಯಿ ಮತ್ತು ಚೀಸು. ಜೋಳದ ಹಿಟ್ಟು ಕಳಿಸಿಕೊಡಿ ಅಂತ ತಾಯಿಗೆ ಹೇಳಿ ಅನ್ನುತ್ತಿದ್ದಳು. ವಾಪಸ್ ಬಾ ಅಂತ ನಾಲಿಗೆ ತುದಿಯವರೆಗೆ ಬರುತ್ತಿತ್ತು. ಕಾಲು ಇನ್ನೂ ಒಂದು ಗೇಣು ಮುಂದೆ ಇಟ್ಟು ನಿಲ್ಲು ಅಂತ ಹೇಳಿ ಫೋನು ಇಡುತ್ತಿದ್ದೆ.

ಈಚೆಗೆ ಒಂದು ಮಧ್ಯಾಹ್ನ ಮೆಸೇಜು ಬಂತು. ಮೊದಲನೇ ಗೋಲ್‌ಕೀಪರಿಗೆ ಕೈ ಉಳುಕಿದೆ, ಇವತ್ತು ನಾನೇ ಅಂತ. ಆ ಲೀಗಿನ ಮ್ಯಾಚುಗಳನ್ನು ಮೊಬೈಲಿನಲ್ಲಿ ನೋಡಬಹುದು. ನಾನು ಮಲ್ಲಪ್ಪನಿಗೆ ಫೋನು ಮಾಡಿದೆ. ಪಾಳಿ ಬದಲಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಶಹಾಡಿನಿಂದ ಸಾನಪಾಡಾಕ್ಕೆ ಬಂದ. ಉಪ್ಪಿನಕಾಯಿ ಭರಣಿಗೆ ಮೊಬೈಲು ಒರಗಿಸಿ ಮೂವರೂ ಅದರ ಮುಂದೆ ಕೂತೆವು. ಹಿಂದೆ ಬೆಟ್ಟ, ಹಸಿರು ಮೈದಾನ, ಚಿತ್ರ ಆಗಾಗ ನಿಂತು ನಿಂತು ಮುಂದೆ ಹೋಗುತ್ತಿತ್ತು. ಕಾಮೆಂಟರಿಯ ಭಾಷೆ ನಮಗೆ ಯಾರಿಗೂ ಗೊತ್ತಿಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಅವಳ ಜರ್ಸಿಯ ಬೆನ್ನಿನ ಮೇಲೆ ಅಪ್ಪನ ಹೆಸರು ಬರೆದಿದ್ದರು.

ಎರಡು ಗೋಲು ಬಿಟ್ಟಳು. ಒಂದು ಅವಳದೇ ತಪ್ಪು. ಆಮೇಲೆ ಬಲಮೂಲೆಗೆ ಬಂದ ಒಂದು ಚೆಂಡಿಗೆ ಹಾರಿ ಬೆರಳ ತುದಿಯಿಂದ ಹೊರಗೆ ತಳ್ಳಿದಳು. ಅರ್ಥವಾಗದ ಆ ಮಾತುಗಳ ನಡುವೆ ಮಲ್ಲಪ್ಪ, ಮಲ್ಲಪ್ಪ ಅಂತ ಕಾಮೆಂಟರಿಯವನು ಎರಡು ಮೂರು ಸಲ ಹೇಳಿದ.

ಪಕ್ಕದಲ್ಲಿ ಕೂತಿದ್ದವನು ಮೆಲ್ಲಗೆ, "ನನ್ನ ಹೆಸರು ಹಿಡಿದು ಕರ್ಯಾಕತ್ತಾರ್ರೀ, ಅಕ್ಕೋರ" ಅಂದ. ಹೌದು ಮಲ್ಲಪ್ಪ ಅಂದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೆಂಡತಿ ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿದಳು.

ಆಗ ಕ್ಯಾಮೆರಾ ಹತ್ತಿರ ಹೋಯಿತು. ಎರಡು ಜಡೆ ಹಾಕಿಕೊಂಡಿದ್ದಳು. ಅಲ್ಲಿ ಯಾವ ರೆಫ್ರಿಗೂ ಅದು ಬೇಕಿಲ್ಲ, ಯಾವ ಫೋಟೋಕ್ಕೂ ಹೊಂದಬೇಕಾಗಿಲ್ಲ. ತಾನೇ ಕೈ ಹಿಂದೆ ಮಾಡಿ ಹಾಕಿಕೊಂಡಿರಬೇಕು, ಬೈತಲೆ ಸೊಟ್ಟಗಿತ್ತು. ಎದುರಿಗೆ ಇದ್ದಿದ್ದರೆ ಬಿಚ್ಚಿಸಿ, ಕೂರಿಸಿಕೊಂಡು, ಮತ್ತೊಮ್ಮೆ ಹಾಕುತ್ತಿದ್ದೆ.